ಬೇಸಿಗೆ ಕೋರ್ಸು ಆನ್‌ಲೈನ್‌ನಲ್ಲಿ ನಡೆಸುವ ಮೇಷ್ಟ್ರುಗಳಿಗೆ ಯಾವ ನೆರವು ಬೇಕು? ಬಳ್ಳಾರಿ, ರಾಯಚೂರು, ಕೊಪ್ಪಳದವರು ಹೇಳಿ

ಕೋಟೆಗುಡ್ಡ ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಾನು ಈ ಭಾಗದ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಪಾಠ ಮಾಡುವವನಲ್ಲ. ಪಾಠ ಮಾಡುವವರ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಪಾಸ್‌ವರ್ಡ್ ನೋಡಿಕೊಳ್ಳುವವನು. ಈ ಬೇಸಿಗೆಯಲ್ಲಿ ಬ್ಯಾಕ್‌ಲಾಗ್ (ಪಾಸಾಗದ ಪತ್ರಿಕೆ) ಉಳಿಸಿಕೊಂಡ ವಿದ್ಯಾರ್ಥಿಗಳಿಗೆ ಆರು ವಾರದ ಆನ್‌ಲೈನ್ ಕೋರ್ಸು ಇದೆ. 18 ಮಂದಿ ಅಧ್ಯಾಪಕರು ಪಾಠ ಮಾಡುತ್ತಾರೆ. ಅವರಿಗೆ ಬೇಕಾದ ನೆರವು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ.

ಹೋದ ವರ್ಷವೂ ಬಂದಿತ್ತು. ಆಗ ಮೂರು ದಿನ ತರಬೇತಿ ಇಟ್ಟೆವು. ಗೂಗಲ್ ಕ್ಲಾಸ್‌ರೂಮ್ ಹೇಗೆ ತೆರೆಯಬೇಕು, ಮೀಟ್ ಲಿಂಕ್ ಹೇಗೆ ಕಳಿಸಬೇಕು, ಫಾರ್ಮ್‌ನಲ್ಲಿ ಪ್ರಶ್ನೆ ಹೇಗೆ ಹಾಕಬೇಕು, ಎಲ್ಲವನ್ನೂ ದೊಡ್ಡ ಪರದೆಯಲ್ಲಿ ತೋರಿಸಿದೆವು. ಎಲ್ಲರೂ ಬರೆದುಕೊಂಡರು, ಪ್ರಮಾಣಪತ್ರ ತಗೊಂಡು ಹೋದರು. ಕೋರ್ಸು ಶುರುವಾದ ಮೊದಲ ಸಂಜೆಯೇ ಕನ್ನಡ ವಿಭಾಗದ ಹಿರಿಯ ಮೇಷ್ಟ್ರ ಫೋನು. ಇಪ್ಪತ್ತು ವರ್ಷದಿಂದ ಕೂಡಿಟ್ಟ ಟಿಪ್ಪಣಿಯನ್ನೆಲ್ಲ ಅವರು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಅದನ್ನೇ ಕ್ಲಾಸ್‌ರೂಮ್‌ಗೆ ಏರಿಸಿದ್ದಾರೆ. ವಿದ್ಯಾರ್ಥಿಗಳು ಫೋನಿನಲ್ಲಿ ತೆರೆದರೆ ಒಂದಕ್ಷರ ಕನ್ನಡ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. "ತಮ್ಮಾ, ನನ್ನ ಟಿಪ್ಪಣಿ ಎಲ್ಲ ಹಾಳಾದ್ವಾ?" ಅಂದರು. ಆ ದನಿ ಇನ್ನೂ ಕಿವಿಯಲ್ಲಿದೆ. ಮೂರು ದಿನದ ತರಬೇತಿಯಲ್ಲಿ ನುಡಿ ಫೈಲಿನ ಮಾತೇ ಎತ್ತಿರಲಿಲ್ಲ ನಾವು.

ಆವತ್ತಿನ ಮಟ್ಟಿಗೆ ಅವರ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಸಿ ಕಳಿಸಿದೆ. ಆದರೆ ಅದು ತೇಪೆ ಹಚ್ಚಿದ ಹಾಗೆ. ಈ ಸಲ ಹಾಗಾಗಬಾರದು. ಪಾಠ ಮಾಡಿದವರು, ಪಾಠ ಕೇಳಿದವರು ನಿಮ್ಮ ಅನುಭವ ಹೇಳಿ. ನಾನು ಎಲ್ಲಿಂದ ಶುರು ಮಾಡಲಿ?

ಸಿಂಧನೂರು ಇತಿಹಾಸ

ಸರ್, ಈ ಮಾತನ್ನು ನಮ್ಮನ್ನು ಯಾರಾದರೂ ಮೊದಲೇ ಕೇಳಬೇಕಿತ್ತು. ನನ್ನದು ಸ್ವಲ್ಪ ಉದ್ದ ಇದೆ, ಓದಿ.

ನನಗೆ ಬೇಕಾಗಿದ್ದ ಮೊದಲ ನೆರವು ಕಂಪ್ಯೂಟರಿನದ್ದಲ್ಲ, ಲೆಕ್ಕದ್ದು. ನನ್ನ ಪತ್ರಿಕೆ 3 ಕ್ರೆಡಿಟ್. ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ, 15 ವಾರ. ಅಲ್ಲಿಗೆ 45 ಗಂಟೆ. ಅದನ್ನು ಆರು ವಾರಕ್ಕೆ ಹಿಂಡಿದರೆ ವಾರಕ್ಕೆ ಏಳೂವರೆ ಗಂಟೆ. ನಾನು ಸುಮ್ನೆ ಭಾಗಾಕಾರ ಮಾಡಿ, ದಿನಾ ಬೆಳಿಗ್ಗೆ 10ಕ್ಕೆ ಒಂದೂವರೆ ಗಂಟೆ ಲೈವ್ ಕ್ಲಾಸ್ ಇಟ್ಟೆ. ಮೊದಲ ದಿನ ಪರದೆ ತುಂಬಿತ್ತು. ಎರಡನೇ ವಾರಕ್ಕೆ ಒಂಬತ್ತು ಹೆಸರು.

ಸಿಟ್ಟು ಬಂತು. ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ. ಒಬ್ಬಳು ಎರಡನೇ ಬೆಳೆ ಭತ್ತದ ಒಕ್ಕಲಿನಲ್ಲಿ. ಇಬ್ಬರು ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ಎತ್ತುತ್ತಿದ್ದರು. ನಾಲ್ಕು ಮಂದಿ ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬೆಂಗಳೂರಿನಲ್ಲಿದ್ದರು. ಅವರಲ್ಲಿ ಒಬ್ಬ ಕಟ್ಟಡದ ಕೆಲಸದ ನಡುವೆಯೇ ಫೋನ್ ಎತ್ತಿದ. ಹಿಂದೆ ಕಾಂಕ್ರೀಟ್ ಮಿಕ್ಸರ್ ಸದ್ದು. "ಮೇಡಂ, ರಾತ್ರಿ ಎಂಟರ ಮೇಲೆ ಇದ್ರೆ ಒಂದು ದಿನಾನೂ ತಪ್ಪಿಸಲ್ಲ" ಅಂದ. ನನ್ನ ಸಿಟ್ಟು ಅಲ್ಲೇ ಇಳಿಯಿತು. ನಮ್ಮ ಕಡೆ ಬೇಸಿಗೆ ಅಂದರೆ ಮಕ್ಕಳಿಗೆ ರಜೆ ಅಲ್ಲ, ದುಡಿಯುವ ಕಾಲ. ಕೋರ್ಸು ಯೋಜನೆ ಮಾಡುವಾಗ ಇದನ್ನೇ ನಾನು ಮರೆತಿದ್ದೆ.

ಮೂರನೇ ವಾರದಿಂದ ಬದಲಿಸಿದೆ. ಲೈವ್ ವಾರಕ್ಕೆ ಎರಡೇ ದಿನ, ರಾತ್ರಿ 8:15ಕ್ಕೆ, 40 ನಿಮಿಷ. ಉಳಿದ ಪಾಠ 12 ನಿಮಿಷದ ಆಡಿಯೋ, ಜೊತೆಗೆ ಎರಡು ಪುಟ ಟಿಪ್ಪಣಿ, ಓದಲು ಇಷ್ಟು ಪುಟ ಅಂತ ಗುರುತು. 64 ಕಿಲೋಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ 12 ನಿಮಿಷಕ್ಕೆ 6 ಎಂಬಿ ಕೂಡ ಆಗಲ್ಲ. ಒಂದು ಗಂಟೆಗೆ 29 ಎಂಬಿ ಒಳಗೇ ಮುಗಿಯುತ್ತದೆ. ವಿಡಿಯೋ ಆದರೆ ಇದರ ಹತ್ತು ಪಟ್ಟು ಸಲೀಸಾಗಿ ತಿನ್ನುತ್ತದೆ.

ಪರೀಕ್ಷೆಯ ಬದಲು ಒಂದು ಕೆಲಸ ಕೊಟ್ಟೆ. ನಮ್ಮ ಮೂರು ಜಿಲ್ಲೆಗೂ ಅಶೋಕನ ಶಾಸನಗಳಿವೆ. ಮಸ್ಕಿಯದ್ದು 1915ರಲ್ಲಿ ಸಿಕ್ಕಿದ್ದು, ಅಶೋಕನ ಹೆಸರೇ ಅದರಲ್ಲಿದೆ. ಕೊಪ್ಪಳದಲ್ಲಿ ಗವಿಮಠ, ಪಾಲ್ಕಿಗುಂಡು. ಬಳ್ಳಾರಿ ಕಡೆ ನಿಟ್ಟೂರು, ಉಡೇಗೋಳ. ಹತ್ತಿರ ಇರುವುದಕ್ಕೆ ಹೋಗಿ, ಬಂಡೆಯ ಮುಂದೆ ನಿಂತು, ಮೂರು ನಿಮಿಷ ವಾಯ್ಸ್ ಮೆಸೇಜ್ ಕಳಿಸಿ ಅಂದೆ. ಕಲ್ಲು ಹೇಗಿದೆ, ಅಕ್ಷರ ಯಾವುದು, ಅದರಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದಾರೆ. ಬೆಂಗಳೂರಿನಲ್ಲಿದ್ದ ಆ ಹುಡುಗ "ನಾನೇನು ಮಾಡ್ಲಿ ಮೇಡಂ" ಅಂದ. ಬೇಗೂರಿಗೆ ಕಳಿಸಿದೆ. ಒಂಬತ್ತನೇ ಶತಮಾನದ ಆ ವೀರಗಲ್ಲಿನಲ್ಲಿ ಬೆಂಗಳೂರು ಅನ್ನುವ ಹೆಸರಿದೆ. ತಾನು ಕೂಲಿಗೆ ಬಂದ ಊರಿನ ಹೆಸರನ್ನು ಕಲ್ಲಿನಲ್ಲಿ ನೋಡಿ ಅವನು ಕಳಿಸಿದ ಮೂರು ನಿಮಿಷ ನಾನು ಇನ್ನೂ ಅಳಿಸಿಲ್ಲ.

ಸರ್, ನೀವು ಮೇಷ್ಟ್ರುಗಳಿಗೆ ಕೊಡಬೇಕಾದ ಮೊದಲ ನೆರವು ಇದು: ಕೋರ್ಸು ಶುರುವಾಗುವ ಮುಂಚೆ ವಿದ್ಯಾರ್ಥಿಗಳಿಗೆ ಒಂದು ಫೋನ್. ಎಲ್ಲಿರ್ತೀಯ, ಎಷ್ಟು ಹೊತ್ತಿಗೆ ಬಿಡುವು, ಫೋನ್ ಯಾರದ್ದು. ಇಷ್ಟು ಗೊತ್ತಾದರೆ ಅರ್ಧ ಯೋಜನೆ ಆದಂತೆ.

ಗಂಗಾವತಿ ಗಣಿತ

ಮೇಡಂ ಹೇಳಿದ್ದು ಖರೆ. ಆದರೆ ಆಡಿಯೋ ನಮಗೆ ಆಗಿಬರಲ್ಲ. ಗಣಿತದಲ್ಲಿ ಕೈ ಕಾಣಬೇಕು. ಉತ್ತರಕ್ಕಿಂತ ಕೈ ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊಡೆದು ಹಾಕಿ ಮತ್ತೆ ಬರೆಯುತ್ತದೆ, ಅದು ಕಾಣಬೇಕು. ಪಿಪಿಟಿಯಲ್ಲಿ ಒಂದೇ ಸಲ ಇಡೀ ಸಾಲು ಬಂದು ಕೂತರೆ ಹುಡುಗರಿಗೆ ಅದು ಹೇಗೆ ಬಂತು ಅಂತಲೇ ಗೊತ್ತಾಗಲ್ಲ.

ಮೊದಲು ಗೋಡೆ ಬೋರ್ಡಿಗೆ ಫೋನ್ ಹಿಡಿಸಿ ರೆಕಾರ್ಡ್ ಮಾಡಿದೆ. ಟ್ಯೂಬ್‌ಲೈಟ್ ಹೊಳಪು ಬಿದ್ದು ಅರ್ಧ ಬೋರ್ಡು ಬಿಳಿ. ಆಮೇಲೆ ಹೀಗೆ ಮಾಡಿಕೊಂಡೆ. ಮೇಜಿನ ಮೇಲೆ ದಪ್ಪ ಪುಸ್ತಕಗಳ ಎರಡು ರಾಶಿ, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಎತ್ತರ. ನಡುವೆ ಒಂದು ಹಾಳೆ ಅಗಲದಷ್ಟು ಜಾಗ. ಎರಡು ರಾಶಿಗೂ ಸೇರಿಸಿ ಮೇಲೆ ಎರಡು ಮರದ ಅಡಿಪಟ್ಟಿ. ಅದರ ಮೇಲೆ ಫೋನ್ ಮಲಗಿಸಿ, ಕ್ಯಾಮೆರಾ ಪಟ್ಟಿಗಳ ನಡುವೆ ಕೆಳಗೆ ನೋಡುವ ಹಾಗೆ. ಎಡಗಡೆ ಕಿಟಕಿ ಇರಲಿ. ಬಲಗೈಯಲ್ಲಿ ಬರೆಯುವವರಿಗೆ ಆಗ ಕೈಯ ನೆರಳು ಅಕ್ಷರದ ಮೇಲೆ ಬೀಳಲ್ಲ. ಗೆರೆ ಇಲ್ಲದ ಹಾಳೆ, ದಪ್ಪ ಮೊನೆಯ ಕಪ್ಪು ಪೆನ್ನು. ಹಾಳೆಯ ನಾಲ್ಕು ಮೂಲೆಗೂ ಮೇಜಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿಡಿ, ಹಾಳೆ ಬದಲಿಸಿದಾಗ ಜಾಗ ತಪ್ಪಲ್ಲ. ಫ್ಯಾನ್ ಆರಿಸಿ. ನಮ್ಮ ಬಿಸಿಲಿಗೆ ಕಷ್ಟ, ಗೊತ್ತು. ಆದರೆ ಫ್ಯಾನ್ ಗಾಳಿ ಮೈಕಿಗೆ ಬಡಿದರೆ ಮಾತೇ ಕೇಳಲ್ಲ, ಹಾಳೆಯೂ ಹಾರುತ್ತದೆ. ನಾನು ಬೆಳಿಗ್ಗೆ ಆರಕ್ಕೇ ರೆಕಾರ್ಡ್ ಮಾಡುತ್ತೇನೆ.

ಒಂದು ವಿಡಿಯೋಗೆ ಒಂದೇ ಲೆಕ್ಕ. ಎಂಟು ನಿಮಿಷ ಮೀರಿಸಲ್ಲ. ಕಡಿಮೆ ರೆಸಲ್ಯೂಷನ್‌ನಲ್ಲಿ ಇಟ್ಟರೂ ದಪ್ಪ ಪೆನ್ನಿನ ಬರಹ ಚೆನ್ನಾಗಿ ಕಾಣುತ್ತದೆ.

ಮಸ್ಕಿ ಬಿಎ ನಾಲ್ಕನೇ ಸೆಮ್

ಸರ್, ಮೇಡಂ, ನಾನು ವಿದ್ಯಾರ್ಥಿನಿ. ಇಲ್ಲಿ ಮಾತಾಡಬಹುದು ಅಂದುಕೊಂಡಿದ್ದೇನೆ.

ನಮ್ಮ ಮನೆಯಲ್ಲಿ ನೆಟ್ ಇರುವ ಫೋನು ಒಂದೇ, ಅದು ಅಣ್ಣಂದು. ದಿನಕ್ಕೆ ಒಂದೂವರೆ ಜಿಬಿ. ಅಣ್ಣ ಸಂಜೆ ಮನೆಗೆ ಬರುವ ಹೊತ್ತಿಗೆ ಅರ್ಧ ಖಾಲಿ. ಹೋದ ಬೇಸಿಗೆಯಲ್ಲಿ ನನಗೆ ಮೂರು ಪತ್ರಿಕೆ ಇದ್ದವು. ಒಬ್ಬ ಸರ್ ಕ್ಲಾಸ್‌ರೂಮ್‌ನಲ್ಲಿ ಹಾಕುತ್ತಿದ್ದರು, ಇನ್ನೊಬ್ಬರು ವಾಟ್ಸಾಪ್‌ನಲ್ಲಿ, ಮತ್ತೊಬ್ಬರು ಟೆಲಿಗ್ರಾಂನಲ್ಲಿ. ಅಸೈನ್‌ಮೆಂಟ್ ಕೊನೆ ದಿನ ಯಾವತ್ತು ಅನ್ನೋದು ಗುಂಪಿನ ಗುಡ್ ಮಾರ್ನಿಂಗ್ ಫೋಟೋಗಳ ನಡುವೆ ಎಲ್ಲೋ ಇರುತ್ತಿತ್ತು. ಹುಡುಕಿ ಹುಡುಕಿ ಒಂದು ಸಲ ತಪ್ಪಿಹೋಯಿತು. ಅಂಕ ಹೋಯಿತು.

ನಾವು ಕೇಳುವುದು ಎರಡೇ. ಎಲ್ಲ ಮೇಷ್ಟ್ರುಗಳೂ ಒಂದೇ ಕಡೆ ಹಾಕಿ. ವಾರದ ಎಲ್ಲ ಕೆಲಸ ಒಂದೇ ಮೆಸೇಜಿನಲ್ಲಿ, ಭಾನುವಾರ ಬರಲಿ. ಆಮೇಲೆ ಕ್ಯಾಮೆರಾ ಆನ್ ಮಾಡಿ ಅಂತ ದಯವಿಟ್ಟು ಒತ್ತಾಯ ಮಾಡಬೇಡಿ. ನಮ್ಮದು ಒಂದೇ ಕೋಣೆ. ಅಪ್ಪ ಅಲ್ಲೇ ಮಲಗಿರ್ತಾರೆ, ಅವ್ವ ಅಲ್ಲೇ ಅಡುಗೆ ಮಾಡ್ತಿರ್ತಾಳೆ.

ಸಿಂಧನೂರು ಇತಿಹಾಸ

ತಂಗೀ, ನೀನು ಹೇಳಿದ್ದು ಭಾಳ ಮುಖ್ಯ. ಕ್ಯಾಮೆರಾ ಮಾತು ನಾನೂ ಆಡಿದ್ದೆ. ಇನ್ನು ಮೇಲೆ ಆಡಲ್ಲ.

ರಾಯಚೂರು ಅತಿಥಿ

ನಾನು ಅತಿಥಿ ಉಪನ್ಯಾಸಕಿ. ಒಂದು ಕಾಲೇಜಿನಲ್ಲಿ ಎರಡು ಬೇಸಿಗೆ ಹೀಗೆ ಪಾಠ ಮಾಡಿದೆ. ಹೆಸರು ಬೇಡ.

ಲೈವ್ ಕ್ಲಾಸಿಗೆ ಗಂಟೆ ಲೆಕ್ಕದಲ್ಲಿ ಹಣ ಬಂತು. 12 ನಿಮಿಷದ ಪಾಠ ತಯಾರಿಸಲು ನನಗೆ ಮೂರು ಗಂಟೆ ಹಿಡಿಯುತ್ತಿತ್ತು. ಬರೆಯುವುದು, ಹೇಳುವುದು, ತಪ್ಪಾದರೆ ಮತ್ತೆ ಹೇಳುವುದು. ಆ ಮೂರು ಗಂಟೆ ಯಾವ ರಿಜಿಸ್ಟರಿನಲ್ಲೂ ಇಲ್ಲ. ಮರುವರ್ಷ ನನ್ನನ್ನು ಕರೆಯಲಿಲ್ಲ. ಆದರೆ ನನ್ನ ದನಿ ಅಲ್ಲಿ ಪಾಠ ಮಾಡುತ್ತಲೇ ಇತ್ತು. ಹಳೇ ವಿದ್ಯಾರ್ಥಿನಿ ಒಬ್ಬಳು ಹೇಳಿದಾಗ ನನಗೆ ಗೊತ್ತಾಯಿತು. ಎರಡು ದಿನ ಊಟ ಸೇರಲಿಲ್ಲ.

ಹಾಗಾಗಿ ಸರ್, ತಯಾರಿಯ ಗಂಟೆಯನ್ನೂ ಕೆಲಸದ ಲೆಕ್ಕಕ್ಕೆ ಹಿಡಿಯಬೇಕು. ರೆಕಾರ್ಡ್ ಆದ ಪಾಠವನ್ನು ಮುಂದೆ ಬಳಸಬೇಕಾದರೆ ಮಾಡಿದವರ ಒಪ್ಪಿಗೆ ಬೇಕು. ಎರಡೂ ಬರಹದಲ್ಲಿ ಇರಲಿ. ಬಾಯಿಮಾತು ಬೇಡ. ಇದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ಮೇಲಿನವರ ಮುಂದೆ ಕಾಗದ ಇಡುವವರು ನೀವೇ ಅಲ್ವಾ.

ಕೋಟೆಗುಡ್ಡ ಬಳ್ಳಾರಿ

ಮೇಡಂ, ಓದಿ ಸಂಕಟ ಆಯಿತು. ಕರಡು ನಾನೇ ಬರೆಯುತ್ತೇನೆ. ನಿಮಗೂ ತೋರಿಸಿಯೇ ಮುಂದೆ ಕಳಿಸುತ್ತೇನೆ.

ಇನ್ನೊಂದು ಪ್ರಶ್ನೆ. ನಮ್ಮಲ್ಲಿ ಕೆಲವರು "ಇಷ್ಟೆಲ್ಲ ಯಾಕೆ, ಕೇಂದ್ರ ಸರ್ಕಾರದ ಆನ್‌ಲೈನ್ ತಾಣ ಸ್ವಯಂನಲ್ಲಿ ಕೋರ್ಸು ಇವೆ, ಅದನ್ನೇ ಮಾಡಿ ಅಂದ್ರೆ ಆಯ್ತು" ಅನ್ನುತ್ತಿದ್ದಾರೆ. ಇದು ಆಗುವ ಮಾತಾ?

ಯರಮರಸ್ ಮೆಂಟರ್

ನಮ್ಮ ಕಾಲೇಜಿನಲ್ಲಿ ಸ್ವಯಂ, ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಕೋರ್ಸು) ಕೆಲಸ ನಾನೇ ನೋಡುವುದು, ಅದಕ್ಕೇ ಹೇಳುತ್ತೇನೆ. ಸ್ವಯಂ 2017ರಲ್ಲಿ ಶುರುವಾದದ್ದು. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸುಗಳಲ್ಲಿ ಶೇ. 40ರವರೆಗೆ ಅಲ್ಲಿಂದ ತಗೊಳ್ಳಬಹುದು. ಆದರೆ ಅದಕ್ಕೆ ಅದರದ್ದೇ ಪಂಚಾಂಗ ಇದೆ. ಒಂದು ಸುತ್ತು ಜನವರಿಯಿಂದ, ಇನ್ನೊಂದು ಜುಲೈಯಿಂದ. ಪರೀಕ್ಷೆಗೆ ಕೇಂದ್ರಕ್ಕೇ ಹೋಗಿ ಕೂರಬೇಕು. ನಿಮ್ಮ ಆರು ವಾರ ಮೇ ತಿಂಗಳಲ್ಲಿ ಬಂದರೆ ಅದಕ್ಕೆ ಹೊಂದಲ್ಲ. ಬ್ಯಾಕ್‌ಲಾಗ್ ಪತ್ರಿಕೆಯ ಪಠ್ಯಕ್ರಮವೂ ಬೇರೆ.

ಆದರೆ ಅಲ್ಲಿಯ ವಿಡಿಯೋಗಳನ್ನು ಪೂರಕವಾಗಿ ಬಳಸಿ. ಇಡೀ ಕೋರ್ಸಿನ ಲಿಂಕ್ ಎಸೆದು ಬಿಡಬೇಡಿ. ಇಂಥ ವಿಡಿಯೋದ ಇಷ್ಟನೇ ನಿಮಿಷದಿಂದ ಇಷ್ಟರವರೆಗೆ ನೋಡಿ, ಆಮೇಲೆ ಈ ಪ್ರಶ್ನೆಗೆ ಉತ್ತರ ಬರೆಯಿರಿ ಅಂತ ಹೇಳಿ. ಮೇಷ್ಟ್ರು ತಾನು ಪೂರ್ತಿ ನೋಡದ ವಿಡಿಯೋವನ್ನು ಹುಡುಗರಿಗೆ ಕಳಿಸಬಾರದು. ನನ್ನ ಮಟ್ಟಿಗೆ ಇದು ನಿಯಮ.

ನಿವೃತ್ತ, ಬಳ್ಳಾರಿ ಕಂಟೋನ್ಮೆಂಟ್

ನಾನು 31 ವರ್ಷ ಪಾಠ ಮಾಡಿದವನು. ಸಿಂಧನೂರು ಮೇಡಂ ಅವರ ಕಾಳಜಿಯ ಬಗ್ಗೆ ಗೌರವ ಇದೆ. ಆದರೂ ಒಂದು ಮಾತು ಹೇಳಲೇಬೇಕು. 45 ಗಂಟೆಯ ಪಾಠವನ್ನು 12 ನಿಮಿಷದ ತುಂಡುಗಳಾಗಿ ಮಾಡಿದರೆ ಮಟ್ಟ ಕುಸಿಯುವುದಿಲ್ಲವೇ? ನಮ್ಮ ಭಾಗದ ಮಕ್ಕಳಿಗೆ ಕಡಿಮೆ ಕೊಟ್ಟೂ ಕೊಟ್ಟೂ ಸಾಕಾಗಿದೆ. ಬೆಂಗಳೂರಿನ ಹುಡುಗ ಕಲಿತಷ್ಟೇ ಮಾನ್ವಿಯ ಹುಡುಗನೂ ಕಲಿಯಬೇಕು. ಅನುಕಂಪದಿಂದ ಪಾಠ ತೆಳುವಾಗಬಾರದು.

ಸಿಂಧನೂರು ಇತಿಹಾಸ

ಸರ್, ನೀವು ಹಿರಿಯರು, ನಿಮ್ಮ ಮಾತು ಸರಿ. ಇದೇ ಭಯ ನನಗೂ ಇತ್ತು. ಅದಕ್ಕೆ ಗಂಟೆ ಎಣಿಸುವುದು ಬಿಟ್ಟು ಕೆಲಸ ಎಣಿಸಿದೆ. ಹಿಂದೆ ಒಂದೂವರೆ ಗಂಟೆ ನಾನು ಮಾತಾಡುತ್ತಿದ್ದೆ, ಅವರು ಕೇಳುತ್ತಿದ್ದರು. ಎಷ್ಟು ಒಳಗೆ ಹೋಯಿತು ಅಂತ ಗೊತ್ತಾಗುತ್ತಿರಲಿಲ್ಲ. ಈಗ 12 ನಿಮಿಷ ಕೇಳುತ್ತಾರೆ, ಹತ್ತು ಪುಟ ಓದುತ್ತಾರೆ, ಅರ್ಧ ಪುಟ ಬರೆದು ಕಳಿಸುತ್ತಾರೆ. ಬರೆದದ್ದನ್ನು ನಾನು ತಿದ್ದಿ ಲೈವ್ ದಿನ ಅದರ ಮೇಲೇ ಮಾತಾಡುತ್ತೇನೆ. ಪಾಠ ತೆಳುವಾಗಲಿಲ್ಲ ಸರ್. ತಿದ್ದುವ ಕೆಲಸ ನನಗೆ ದುಪ್ಪಟ್ಟಾಯಿತು, ಅಷ್ಟೇ.

ನಿವೃತ್ತ, ಬಳ್ಳಾರಿ ಕಂಟೋನ್ಮೆಂಟ್

ಹಾಗಿದ್ದರೆ ನನ್ನ ಆಕ್ಷೇಪ ಹಿಂದಕ್ಕೆ ತಗೊಂಡೆ, ಮೇಡಂ. ಅರ್ಧ ಪುಟ ಬರೆಸಿ ತಿದ್ದುವುದು ನಮ್ಮ ಕಾಲದಲ್ಲೂ ಎಲ್ಲರೂ ಮಾಡುತ್ತಿರಲಿಲ್ಲ. ಕೋಟೆಗುಡ್ಡ ಅವರೇ, ನಿಮಗೊಂದು ಸಲಹೆ. ಮೇಷ್ಟ್ರುಗಳ ಹತ್ತಿರ ಕೂತಾಗ ಮೊದಲ ದಿನ ಏನು ಪಾಠ ಅಂತ ಕೇಳಬೇಡಿ. ಕೊನೆಯ ದಿನ ಹುಡುಗ ಏನು ಮಾಡಿ ತೋರಿಸಬೇಕು ಅಂತ ಕೇಳಿ. ಆ ಉತ್ತರ ಸಿಕ್ಕ ಮೇಲೆ ಯಾವುದು ಲೈವ್, ಯಾವುದು ಓದು, ಯಾವುದು ಬಿಡಬಹುದು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಕಂತೆ ನೋಟ್ಸ್ ಎದುರಿಗಿಟ್ಟುಕೊಂಡು ಶುರು ಮಾಡಿದರೆ ಯಾವುದನ್ನೂ ಬಿಡಲು ಮನಸ್ಸು ಬರುವುದಿಲ್ಲ.

ಕುಷ್ಟಗಿ ಎಂಎ

ನಾನು ದೃಷ್ಟಿ ಇಲ್ಲದ ವಿದ್ಯಾರ್ಥಿ. ಫೋನ್ ಓದಿ ಹೇಳುವುದನ್ನು ಕೇಳಿ ಕಲಿಯುತ್ತೇನೆ, ಬಾಯಿಯಿಂದ ಹೇಳಿ ಟೈಪ್ ಮಾಡುತ್ತೇನೆ. ನುಡಿಯ ಹಳೇ ಫೈಲನ್ನು ಪಿಡಿಎಫ್ ಮಾಡಿದರೆ ಕಣ್ಣಿರುವವರಿಗೆ ಕನ್ನಡ ಕಾಣುತ್ತದೆ. ನನ್ನ ಫೋನಿಗೆ ಅದು ಕನ್ನಡ ಅಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಓದುತ್ತದೆ. ಪುಸ್ತಕದ ಪುಟಕ್ಕೆ ಫೋಟೋ ಹೊಡೆದು ಕಳಿಸಿದರೆ ಅದನ್ನೂ ಓದಲ್ಲ. ಯೂನಿಕೋಡ್‌ನಲ್ಲಿ (ಯಾವ ಫೋನಿನಲ್ಲೂ ಕನ್ನಡವಾಗೇ ಉಳಿಯುವ ಬರಹದಲ್ಲಿ) ಕಳಿಸಿದರೆ ಮಾತ್ರ ನಾನೂ ಎಲ್ಲರ ಜೊತೆ ಅದೇ ದಿನ ಓದಬಹುದು. ಇಲ್ಲದಿದ್ದರೆ ಯಾರಾದರೂ ಓದಿ ಹೇಳುವವರೆಗೆ ಕಾಯಬೇಕು.

ಗಂಗಾವತಿ ಗಣಿತ

ಇದು ನನ್ನ ತಲೆಗೇ ಹೊಳೆದಿರಲಿಲ್ಲ ತಮ್ಮಾ. ನನ್ನ ವಿಡಿಯೋದಲ್ಲಿ "ಇದನ್ನು ಇಲ್ಲಿಗೆ ತಂದರೆ ಇದು ಬರುತ್ತದೆ" ಅಂತ ಬೆರಳು ತೋರಿಸಿ ಹೇಳುತ್ತಿದ್ದೆ. ಇನ್ನು ಮೇಲೆ ಎಕ್ಸ್ ಅನ್ನು ಬಲಕ್ಕೆ ತಂದೆ ಅಂತ ಬಾಯಿ ಬಿಟ್ಟೇ ಹೇಳುತ್ತೇನೆ.

ರಾಯಚೂರು ಅತಿಥಿ

ಇನ್ನೊಂದು ನೆನಪಾಯಿತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ನೆರವು ಕೊಡುವವರೂ ಒಂದೂವರೆಗೆ ಎದ್ದು ಹೋಗುತ್ತಾರೆ. ಕ್ಲಾಸ್ ಇರುವುದು ರಾತ್ರಿ. ರಾತ್ರಿ 8:10ಕ್ಕೆ ಲಿಂಕ್ ತೆರೆಯದಿದ್ದರೆ ಯಾರನ್ನು ಕೇಳುವುದು?

ಕೋಟೆಗುಡ್ಡ ಬಳ್ಳಾರಿ

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಸುಮ್ನೆ ಕೂತಿರಲಿಲ್ಲ.

ಈ ಸಲ ಹಾಲ್‌ನಲ್ಲಿ ತರಬೇತಿ ಇಲ್ಲ. ಒಬ್ಬೊಬ್ಬ ಅಧ್ಯಾಪಕರ ಪಕ್ಕ ಎರಡು ಗಂಟೆ ಕೂತು, ಅವರದ್ದೇ ಒಂದು ಪಾಠವನ್ನು ಪೂರ್ತಿ ಮಾಡಿ ಮುಗಿಸುವುದು. ಉಳಿದದ್ದು ಅವರು ಮಾಡಿಕೊಳ್ಳುತ್ತಾರೆ. ಇದು ಸರಿಹೋಗುತ್ತದಾ ನೋಡೋಣ ಅಂತ ಮೊದಲು ಅದೇ ಕನ್ನಡ ಮೇಷ್ಟ್ರ ಮನೆಗೆ ಹೋದೆ.

ಕೊನೆಯ ದಿನ ಏನು ಮಾಡಿ ತೋರಿಸಬೇಕು ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ನೋಡಿರದ ಒಂದು ಹಳಗನ್ನಡ ಪದ್ಯ ಕೊಟ್ಟರೆ ಬಿಡಿಸಿ ಓದಬೇಕು, ಅಷ್ಟು ಸಾಕು" ಅಂದರು. ಆಮೇಲೆ ಅವರ ನುಡಿ ಫೈಲ್ ತೆರೆದು ಯೂನಿಕೋಡ್‌ಗೆ ಪರಿವರ್ತಿಸಿದೆ. ಪರದೆ ಮೇಲೆ ಬಂತು, ಚೆನ್ನಾಗೇ ಕಂಡಿತು. ನಾನು ಆಯ್ತು ಸರ್ ಅಂದೆ. ಅವರು ಕನ್ನಡಕ ಏರಿಸಿ ಮೂರನೇ ಸಾಲಿನ ಮೇಲೆ ಬೆರಳಿಟ್ಟರು. "ಧರ್ಮ" ಅಂತ ಇರಬೇಕಾದ ಕಡೆ "ಧಮರ್" ಅಂತ ಇತ್ತು. ಅರ್ಕಾವೊತ್ತು ಜಾಗ ಬಿಟ್ಟು ಮುಂದಕ್ಕೆ ಹೋಗಿದೆ. ಕೆಳಗೆ "ಅಥರ್", "ಮಾಗರ್". ಹುಡುಕಿ ಒಟ್ಟಿಗೆ ಬದಲಿಸೋಣ ಅಂತ ನಾನು ಕೈ ಹಾಕಿದೆ. ತಡೆದರು. "ಹಳಗನ್ನಡದಲ್ಲಿ ಅವರ್ ಅಂತಾನೇ ಇರುತ್ತದೆ ತಮ್ಮಾ, ಅರಸರ್ ಅಂತಾನೇ ಇರುತ್ತದೆ. ಅವನ್ನೂ ಕೆಡಿಸಿಬಿಡ್ತೀಯ." ನನಗೆ ಗೊತ್ತಾಗಲು ಸಾಧ್ಯವೇ ಇರಲಿಲ್ಲ. ಒಂದೊಂದೇ ಪದ ಅವರು ಹೇಳಿದರು, ನಾನು ತಿದ್ದಿದೆ. 14 ಪುಟ. ಎರಡು ಗಂಟೆ ಅಂದುಕೊಂಡದ್ದು ಮೂರೂವರೆ ಆಯಿತು. ನಡುವೆ ಅವರ ಮನೆಯವರು ಮಜ್ಜಿಗೆ ಕೊಟ್ಟರು, ಆಮೇಲೆ ಊಟಕ್ಕೇ ಎಬ್ಬಿಸಿದರು.

ಕುಷ್ಟಗಿ ತಮ್ಮಾ, ಆ 14 ಪುಟ ನನ್ನ ಫೋನಿಗೆ ಹಾಕಿ ಗಟ್ಟಿಯಾಗಿ ಓದಿಸಿದೆವು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಪದ್ಯವನ್ನು ಗದ್ಯದ ಹಾಗೆ ಓದಿತು. "ಪದ್ಯ ನಾನೇ ಓದಿ ಆಡಿಯೋ ಕೊಡ್ತೀನಿ, ಟಿಪ್ಪಣಿ ಅದು ಓದಲಿ" ಅಂದರು. ಮೊದಲ ಫೈಲ್ ನಿನಗೇ ಕಳಿಸುತ್ತೇನೆ. ಎಲ್ಲಿ ತಪ್ಪಿದೆ ಹೇಳು.

ಇನ್ನು ಉಳಿದದ್ದು. 18 ಮಂದಿಯೂ ಕ್ಲಾಸ್‌ರೂಮ್‌ನಲ್ಲೇ ಹಾಕಲು ಒಪ್ಪಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ಮೇಷ್ಟ್ರು ಮಾತ್ರ ಬರೆಯುವ ಹಾಗೆ ಮಾಡಿ, ಭಾನುವಾರ ಒಂದು ಮೆಸೇಜ್. ಮಸ್ಕಿ ತಂಗೀ, ಇದು ನಿನ್ನಿಂದ ಆದದ್ದು. ರಾತ್ರಿ 7:30ರಿಂದ 9:30ರವರೆಗೆ ನಾನು ಮತ್ತು ಇನ್ನೊಬ್ಬರು ಸರದಿಯಲ್ಲಿ ಫೋನ್ ಹತ್ತಿರ ಇರುತ್ತೇವೆ, ಮರುದಿನ ಕಚೇರಿಗೆ ಅಷ್ಟು ತಡವಾಗಿ ಬರಲು ಅನುಮತಿ ಸಿಕ್ಕಿದೆ. ತಯಾರಿ ಗಂಟೆ ಮತ್ತು ರೆಕಾರ್ಡಿಂಗ್ ಒಪ್ಪಿಗೆಯ ಕರಡು ರಾಯಚೂರು ಮೇಡಂಗೆ ಕಳಿಸಿದ್ದೇನೆ, ಅವರು ತಿದ್ದಿ ಕೊಟ್ಟ ಮೇಲೆ ಮೇಲಕ್ಕೆ ಹೋಗುತ್ತದೆ. ಅದು ಪಾಸಾಗುತ್ತದೆ ಅಂತ ಈಗಲೇ ಮಾತು ಕೊಡಲಾರೆ. ಹಿಂದೆ ಬಿದ್ದು ಕೇಳುತ್ತೇನೆ.

ಗಣಿತ ಮತ್ತು ಸಂಖ್ಯಾಶಾಸ್ತ್ರದ ನಾಲ್ವರು ಉಳಿದಿದ್ದಾರೆ. ಗಂಗಾವತಿ ಸರ್, ಆ ಪುಸ್ತಕದ ರಾಶಿ, ಅಡಿಪಟ್ಟಿ ವ್ಯವಸ್ಥೆ ಓದಿ ಮಾಡಿದೆ. ಫೋನು ಎರಡು ಸಲ ಜಾರಿ ಬಿತ್ತು. ಒಂದು ದಿನ ಬಂದು ಕೂಡಿಸಿ ಕೊಡುತ್ತೀರಾ?

ಗಂಗಾವತಿ ಗಣಿತ

ಪಟ್ಟಿ ಎರಡರ ತುದಿಗೂ ರಬ್ಬರ್ ಬ್ಯಾಂಡ್ ಸುತ್ತಬೇಕು, ಅದನ್ನು ಹೇಳಲು ಮರೆತೆ. ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಾಲ್ವರಿಗೂ ಎಡಗಡೆ ಕಿಟಕಿ ಇರುವ ಮೇಜು ನೋಡಿಡಿ. ಅವರಲ್ಲಿ ಎಡಗೈಯಲ್ಲಿ ಬರೆಯುವವರು ಇದ್ದರೆ ಮೊದಲೇ ತಿಳಿಸಿ.